ಮಳೆಗಾಲದಲ್ಲಿ ಮೇಲೇರಿದ ಮೆಣಸಿನ ಚುಕ್ಕೆ

ನಾಪೋಕ್ಲು ಕಡೆಯ ನಮ್ಮ ತೋಟದ ಕಾಳುಮೆಣಸನ್ನು ಪುಡಿ ಮಾಡಿ, ಆಲ್ಕೋಹಾಲಿನಲ್ಲಿ ಕುದಿಸಿ ಸೋಸಿದ್ದೆ. "ಮೆಣಸಿಗೆ ಈಗಿರುವ ರೇಟಿಗೆ ಅದನ್ನು ಕುದಿಸಿ ಚೆಲ್ಲೋದಾ?" ಅಂತ ಅಮ್ಮ ಗೊಣಗಿದರು. ನನಗೆ ಬೇಕಿದ್ದದ್ದು ಒಂದೇ ಹನಿ. ಸಿಲಿಕಾ ಬಳಿದ ಟಿಎಲ್‌ಸಿ ಪ್ಲೇಟಿನ ಮೇಲೆ ಅದರ ಚುಕ್ಕೆ ಇಟ್ಟೆ. ಬುಡವನ್ನು ದ್ರಾವಕದಲ್ಲಿ ನಿಲ್ಲಿಸಿದರೆ ದ್ರಾವಕ ಮೇಲೇರುತ್ತಾ ಚುಕ್ಕೆಯನ್ನೂ ಎಳೆದೊಯ್ಯುತ್ತದೆ. ಖಾರ ಕೊಡುವ ಪೈಪರಿನ್ ಯುವಿ ದೀಪದ ಕೆಳಗೆ ನೀಲಿಯಾಗಿ ಹೊಳೆಯುತ್ತದೆ, ಹುಡುಕುವ ಕಷ್ಟವಿಲ್ಲ.

ದ್ರಾವಕವಾಗಿ ಬರೀ ಹೆಕ್ಸೇನ್ ಹಾಕಿದಾಗ ಚುಕ್ಕೆ ಇಟ್ಟಲ್ಲೇ ಕೂತಿತು. ಈಥೈಲ್ ಅಸಿಟೇಟ್ ಶೇ. 20 ಬೆರೆಸಿದೆ, ಆರ್‌ಎಫ್ (ದ್ರಾವಕ ಏರಿದ ದೂರದಲ್ಲಿ ಚುಕ್ಕೆ ಏರಿದ ಪಾಲು) 0.12 ಬಂತು. ಶೇ. 40ಕ್ಕೆ 0.40. ಇದೇ ಓಟದಲ್ಲಿ ಶೇ. 80ಕ್ಕೆ ತುದಿ ಮುಟ್ಟುತ್ತದೆ ಅಂದುಕೊಂಡೆ. 0.77ಕ್ಕೇ ನಿಂತಿತು.

ತಪ್ಪು ಪ್ಲೇಟಿನದ್ದಲ್ಲ, ನಾನು ನೋಡಿದ ರೀತಿಯದ್ದು. ಒಂದರಿಂದ ಆರ್‌ಎಫ್ ಕಳೆದು, ಉಳಿದದ್ದನ್ನು ಆರ್‌ಎಫ್‌ನಿಂದಲೇ ಭಾಗಿಸಿದರೆ ಸಿಲಿಕಾ ಎಷ್ಟು ಹಿಡಿದಿಟ್ಟುಕೊಂಡಿದೆ ಅಂತ ಸಿಗುತ್ತದೆ. ಲೆಕ್ಕ ಹಾಕಿದೆ: 7.3, 1.5, 0.3. ಈಥೈಲ್ ಅಸಿಟೇಟ್ ದುಪ್ಪಟ್ಟಾದಾಗೆಲ್ಲ ಹಿಡಿತ ಐದರಲ್ಲೊಂದು ಪಾಲಿಗೆ ಇಳಿದಿದೆ! ಹಿಡಿತ, ಈಥೈಲ್ ಅಸಿಟೇಟಿನ ಪ್ರಮಾಣ ಎರಡನ್ನೂ ಲಾಗ್ ಮಾಡಿ ಗ್ರಾಫ್ ಹಾಕಿದರೆ ನೇರ ಗೆರೆ. ಪೋಲೆಂಡಿನ ರಸಾಯನಶಾಸ್ತ್ರಜ್ಞ ಸೊಚೆವಿನ್ಸ್ಕಿ 1969ರಲ್ಲಿ ತೋರಿಸಿದ್ದು ಇದನ್ನೇ. ನನ್ನ ಗೆರೆಯ ಇಳಿಜಾರು ಎರಡಕ್ಕಿಂತ ಸ್ವಲ್ಪ ಜಾಸ್ತಿ. ಅಂದರೆ ಒಂದು ಪೈಪರಿನ್ ಅಣು ಸಿಲಿಕಾ ಮೇಲೆ ಕೂರಬೇಕಾದರೆ ಹೆಚ್ಚುಕಡಿಮೆ ಎರಡು ಈಥೈಲ್ ಅಸಿಟೇಟ್ ಅಣುಗಳನ್ನು ಎಬ್ಬಿಸಬೇಕು.

ಇದಕ್ಕೂ ಮೊದಲು ಅಮೆರಿಕದ ರಸಾಯನಶಾಸ್ತ್ರಜ್ಞ ಸ್ನೈಡರ್ ಹೇಳಿದ್ದೂ ಈ ಜಾಗದ ಜಗಳವನ್ನೇ. ಆಷಾಢದ ಚಳಿಯಲ್ಲಿ ನಮ್ಮ ಅಡುಗೆಮನೆ ಒಲೆ ಮುಂದೆ ಆಗುತ್ತದಲ್ವಾ, ಹಾಗೆ. ಇಲ್ಲಿ ಒಲೆ ಅಂದರೆ ಸಿಲಿಕಾ. ಹೆಕ್ಸೇನ್‌ಗೆ ಒಲೆ ಬೇಕಿಲ್ಲ, ಯಾರು ಬಂದರೂ ಜಾಗ ಬಿಡುತ್ತದೆ. ಈಥೈಲ್ ಅಸಿಟೇಟ್ ಸುಮ್ನೆ ಏಳುವುದಿಲ್ಲ. ದ್ರಾವಕದಲ್ಲಿ ಅದು ಸ್ವಲ್ಪವೇ ಇದ್ದರೂ ಒಲೆ ಮುಂದೆ ಅದರದ್ದೇ ಗುಂಪು. ಅದಕ್ಕೇ ಮೊದಲ ಕೆಲವು ಹನಿಗೇ ದ್ರಾವಕದ ಬಲ ಸರ್ರನೆ ಏರುತ್ತದೆ. ಆಮೇಲೆ ಎಷ್ಟು ಸುರಿದರೂ ಏರಿಕೆ ನಿಧಾನ.

ಇದೆಲ್ಲ ಏಪ್ರಿಲ್‌ನ ಮಾತು. ಜುಲೈನಲ್ಲಿ ಮಡಿಕೇರಿಯ ಲ್ಯಾಬ್‌ನಲ್ಲಿ ಅದೇ ಶೇ. 40 ಹಾಕಿದರೆ ಚುಕ್ಕೆ ಅರ್ಧ ಪ್ಲೇಟ್ ದಾಟಿತು. ಬಾಟಲಿಯ ಮೇಲೆ ಅನುಮಾನಪಟ್ಟು ಎರಡು ದಿನ ಹಾಳು ಮಾಡಿಕೊಂಡೆ. ಒಲೆ ಮುಂದೆ ಪೈಪರಿನ್‌ಗಿಂತ ಮೊದಲೇ ಕೂತಿದ್ದದ್ದು ಗಾಳಿಯ ತೇವ. ನೀರಿನಷ್ಟು ಗಟ್ಟಿಯಾಗಿ ಸಿಲಿಕಾವನ್ನು ಹಿಡಿಯುವವರು ಕಡಿಮೆ. ಜಾಗ ಸಿಗದ ಪೈಪರಿನ್ ಮೇಲೇರಿತು.

ಈಗ ಪ್ಲೇಟನ್ನು 110 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಡೆಸಿಕೇಟರ್‌ನಲ್ಲಿ (ಒಳಗೆ ತೇವ ಸೇರದಂತೆ ಮುಚ್ಚಿದ ಡಬ್ಬಿ) ಆರಿಸುತ್ತೇನೆ. ಆದರೂ ಚುಕ್ಕೆ ಇಡುವಷ್ಟರಲ್ಲಿ ಅದು ಮತ್ತೆ ತೇವ ಎಳೆದುಕೊಳ್ಳುತ್ತದೆ. ಹಾಗಾಗಿ ಪಕ್ಕದಲ್ಲೇ ಶುದ್ಧ ಪೈಪರಿನ್‌ನ ಚುಕ್ಕೆಯನ್ನೂ ಇಡುತ್ತೇನೆ. ಏರುವುದಾದರೆ ಎರಡೂ ಒಟ್ಟಿಗೆ ಏರಲಿ.