ರಂಗೋಲಿ ಜನ ಸೇರಿಸಿತು, ಕೆಲಸ ಆದದ್ದು ಮೂಲೆಯ ಮೇಜಿನಲ್ಲಿ

ಜನವರಿ 25 ರಾಷ್ಟ್ರೀಯ ಮತದಾರರ ದಿನ. ಶಾಲೆಯಲ್ಲಿ ಪ್ರತಿಜ್ಞೆ ಓದಿಸಿ ಮುಗಿಸುವ ಆ ದಿನವನ್ನು ಸಿರಾ ಕಡೆಯ ನಮ್ಮೂರಲ್ಲಿ ಸ್ತ್ರೀಶಕ್ತಿ ಸಂಘದವರೆಲ್ಲ ಸೇರಿ ಹೆಂಗಸರ ಹಬ್ಬ ಮಾಡಿಕೊಂಡೆವು. ಅಷ್ಟರಲ್ಲಿ ರಾಗಿ ಕಣದ ಕೆಲಸ ಹಗುರಾಗಿರುತ್ತದೆ. ದೇವಸ್ಥಾನದ ಅಂಗಳ ಬೇಡವೆಂದು ನಾನು ಹಟ ಹಿಡಿದೆ. ಅಲ್ಲಿಗೆ ಕಾಲಿಡಲು ಹಿಂಜರಿಯುವ ಕೇರಿಯವರಿದ್ದಾರೆ. ಅಂಗನವಾಡಿ ಮುಂದಿನ ಬಯಲಿಗಾದರೆ ಎಲ್ಲರೂ ಬರುತ್ತಾರೆ. ಹೊತ್ತು ಹನ್ನೊಂದರಿಂದ ಮೂರು. ಆಮೇಲೆ ಹಾಲು ಕರೆಯಬೇಕು, ಡೇರಿಗೆ ಹಾಕಬೇಕು, ಯಾರೂ ನಿಲ್ಲುವುದಿಲ್ಲ. ಶಾಮಿಯಾನದ ಬಾಡಿಗೆ ಕೊಡುತ್ತೇವೆಂದು ಬಂದ ಪಕ್ಷದವರಿಗೆ ಕೈಮುಗಿದು ಕಳಿಸಿದೆವು.

ರಂಗೋಲಿ, ಕೋಲಾಟ ಎಲ್ಲ ಇತ್ತು. ಆದರೆ ನನಗೆ ಮುಖ್ಯವಾಗಿದ್ದದ್ದು ಬಿಎಲ್‌ಒ (ಮತಗಟ್ಟೆಯ ಪಟ್ಟಿ ನೋಡಿಕೊಳ್ಳುವ ಅಧಿಕಾರಿ) ಮೇಡಂ ಮತದಾರರ ಪಟ್ಟಿ ಹಿಡಿದು ಕೂತಿದ್ದ ಮೇಜು. ನಮ್ಮ ಹೆಂಗಸರು ವೋಟು ಹಾಕಲು ಹಿಂದೆ ಸರಿಯುವವರಲ್ಲ, ತೊಡಕಿರುವುದು ಪಟ್ಟಿಯಲ್ಲಿ. ಮದುವೆಯಾಗಿ ಬಂದ ಸೊಸೆಯ ಹೆಸರು ಎಷ್ಟೋ ವರ್ಷ ತವರಿನ ಪಟ್ಟಿಯಲ್ಲೇ ಉಳಿದುಬಿಡುತ್ತದೆ. ಬಸ್‌ ಚಾರ್ಜು ಕೊಟ್ಟು ವೋಟು ಹಾಕಿ ಬಾ ಎಂದು ಕಳಿಸುವ ಅತ್ತೆಯನ್ನು ನಾನಂತೂ ಕಂಡಿಲ್ಲ! ಇಂಥವರು ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಲು ನಮೂನೆ 8ರ ಅರ್ಜಿ ಸಾಕು, ಕ್ಷೇತ್ರ ಬೇರೆಯಾದರೂ ಅದೇ. ಹೊಸ ಹೆಸರಿಗೆ ನಮೂನೆ 6. 17 ದಾಟಿದ ಹುಡುಗಿಯರೂ ಮುಂಚಿತವಾಗಿ ಕೊಡಬಹುದು. ಆಧಾರ್ ಜೆರಾಕ್ಸ್, ಫೋಟೊ ತರಬೇಕೆಂದು ಹಿಂದಿನ ವಾರದ ಸಂಘದ ಸಭೆಯಲ್ಲೇ ಹೇಳಿಬಿಡಿ. ಇಲ್ಲದಿದ್ದರೆ ಮನೆಗೆ ತರಲು ಹೋದವರು ಅಲ್ಲಿನ ಕೆಲಸಕ್ಕೆ ಸಿಕ್ಕಿಕೊಳ್ಳುತ್ತಾರೆ.

ಊಟವಾದ ಮೇಲೆ, ವಾರ್ಡಿನವರೆಲ್ಲ ಸೇರಿ ಬೇಡಿಕೆ ಹೇಳುವ ಪಂಚಾಯಿತಿ ಸಭೆಯ ಹಾಗೆ, ಅಣಕು ವಾರ್ಡ್‌ ಸಭೆ. ಷರತ್ತು ಒಂದೇ: ಪಂಚಾಯಿತಿ ಸದಸ್ಯೆಯರ ಗಂಡಂದಿರು ಒಳಗೆ ಬರುವಂತಿಲ್ಲ. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಕರ್ನಾಟಕ ಹೆಂಗಸರಿಗೆ ಕಾಲು ಭಾಗ ಮೀಸಲಿಟ್ಟಿತ್ತು, ಈಗ ಅರ್ಧ. ಆದರೂ ಎಷ್ಟೋ ಕಡೆ ಸಹಿ ಹೆಂಡತಿಯದು, ಮಾತು ಗಂಡನದು. ಮೀಸಲಾತಿ ಇನ್ನೂ ಬಾರದ ವಿಧಾನಸಭೆಗಂತೂ 2023ರಲ್ಲಿ 224 ಕ್ಷೇತ್ರಗಳಿಂದ ಗೆದ್ದ ಹೆಂಗಸರು 10 ಜನ.

ಮೊದಲಿಗೆ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬ ಅಜ್ಜಿ ಎದ್ದು, "ನಲ್ಲಿ ಹಾಕವ್ರೆ ಸರಿ, ನೀರು ಯಾವತ್ತು ಬಿಡ್ತಾರವ್ವ?" ಅಂದರು. ಆಮೇಲೆ ತಡೆಯುವುದೇ ಕಷ್ಟವಾಯಿತು: ಬೀದಿದೀಪ, ಚರಂಡಿ, ಸಂಜೆ ಬಸ್ಸು, ಪೆಟ್ಟಿಗೆ ಅಂಗಡಿಯಲ್ಲಿ ಮಾರುವ ಮದ್ಯದ ಪ್ಯಾಕೆಟ್ಟು. ಎಲ್ಲವನ್ನೂ ಬರೆದು, ಸಹಿ, ಹೆಬ್ಬೆಟ್ಟು ಹಾಕಿಸಿ, ನಿಜವಾದ ವಾರ್ಡ್‌ ಸಭೆಗೆ ಒಯ್ದೆವು. ನಡಾವಳಿ ಪುಸ್ತಕದಲ್ಲಿ ದಾಖಲಾಗುವ ತನಕ ಎದ್ದು ಬರಲಿಲ್ಲ. ನೀರು ಈಗ ದಿನ ಬಿಟ್ಟು ದಿನ ಬರುತ್ತಿದೆ. ಚರಂಡಿಯದು ಬಾಕಿ.