ಬಾಕಿ ಸಂಬಳ, ಕೈಯಿಂದ ಹಾಕಿದ ಖರ್ಚು: ವಸೂಲಿಗೆ ಅರ್ಜಿ ಹಾಕುವುದು ಹೇಗೆ?

‘ಕಂಪನಿ ನನಗೆ 1,86,000 ರೂಪಾಯಿ ಕೊಡಬೇಕು’ ಎಂದು ಒಂದೇ ಸಾಲು ಬರೆದ ಅರ್ಜಿ ಮೊದಲ ವಿಚಾರಣೆಯಲ್ಲೇ ಎಡವುತ್ತದೆ. ಅದರಲ್ಲಿ ಸಂಬಳವೆಷ್ಟು, ಪೆಟ್ರೋಲ್ ಎಷ್ಟು, ಲಾಡ್ಜ್ ಬಾಡಿಗೆ ಎಷ್ಟು ಎಂದು ಅಧಿಕಾರಿ ಕೇಳಿದರೆ ಉತ್ತರವಿರುವುದಿಲ್ಲ.

1. ಲೆಕ್ಕ ಬೇರೆ ಮಾಡಿ

ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ, ಕೆಲಸದ ಸಲುವಾಗಿ ನೀವು ಮಾಡಿದ ಖರ್ಚನ್ನು ತುಂಬಿಕೊಡುವ ಹಣ ‘ವೇತನ’ ಅಲ್ಲ. ಆದ್ದರಿಂದ ಎರಡು ಹಾಳೆ ಬೇಕು. ಒಂದರಲ್ಲಿ ತಿಂಗಳುವಾರು ಬರಬೇಕಾದ ಸಂಬಳ, ಬಂದದ್ದು, ಕಡಿತ. ಇನ್ನೊಂದರಲ್ಲಿ ಖರ್ಚಿನ ತಾರೀಕು, ಎಲ್ಲಿಂದ ಎಲ್ಲಿಗೆ, ಯಾವ ಕೆಲಸ, ಮೊತ್ತ, ಒಪ್ಪಿಗೆ ಕೊಟ್ಟವರು, ಬಿಲ್ ಸಂಖ್ಯೆ.

ಸಂಬಳ ಕೊಟ್ಟಿದ್ದೇನೆಂದು ತೋರಿಸುವ ಹೊಣೆ ಮಾಲೀಕರದು. ಖರ್ಚಿನ ವಿಷಯದಲ್ಲಿ ಪುರಾವೆ ನೀವೇ ಒದಗಿಸಬೇಕು. ಕಂಪನಿಯ ಪ್ರಯಾಣ ನಿಯಮಾವಳಿ, ಒಪ್ಪಿಗೆಯ ಮೇಲ್, ಇಂಥದೇ ಬಿಲ್‌ಗೆ ಹಿಂದೆ ಹಣ ಬಂದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್, ಇಷ್ಟನ್ನೂ ರಾಜೀನಾಮೆ ಕೊಡುವ ಮೊದಲೇ ಎತ್ತಿಟ್ಟುಕೊಳ್ಳಿ. ಆಮೇಲೆ ಆಫೀಸ್ ಮೇಲ್ ತೆರೆಯಲಿಕ್ಕಿಲ್ಲ. ಪೆಟ್ರೋಲ್ ಬಂಕ್ ರಸೀದಿಯ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ. ಅದೇ ವಾರ ಜೆರಾಕ್ಸ್ ಮಾಡಿಸಿ. ಲ್ಯಾಮಿನೇಷನ್ ಮಾತ್ರ ಬೇಡ, ಬಿಸಿ ತಗುಲಿದರೆ ಕಾಗದವೇ ಕಪ್ಪಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಾಸ್ ‘ಓಕೆ’ ಎಂದಿದ್ದರೆ ಅಷ್ಟನ್ನೇ ಕತ್ತರಿಸಿದ ಸ್ಕ್ರೀನ್‌ಶಾಟ್ ಸಾಲದು. ಪೂರ್ತಿ ಚಾಟ್ ಎಕ್ಸ್‌ಪೋರ್ಟ್ ಮಾಡಿ, ಫೋನ್ ಮಾರಬೇಡಿ. ಕೋರ್ಟಿಗೆ ಹೋದರೆ ಇಂಥ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕಾಗುತ್ತದೆ.

2. ಪತ್ರ ಬರೆಯಿರಿ

ಕಂಪನಿಗೆ ಒಂದು ಪುಟದ ಪತ್ರ, ಬಾಕಿ ಕೊಡಲು 15 ದಿನ ಗಡುವು. ಸ್ವೀಕೃತಿ ಸಿಗುವಂತೆ ಸ್ಪೀಡ್ ಪೋಸ್ಟ್, ಜೊತೆಗೆ ಇಮೇಲ್. ಆನ್‌ಲೈನ್‌ನಲ್ಲಿ ದುಡ್ಡಿಗೆ ಸಿಗುವ ಸಿದ್ಧ ಲೀಗಲ್ ನೋಟಿಸ್ ಕೊಳ್ಳಬೇಡಿ. ಎಷ್ಟೋ ನಮೂನೆಗಳಲ್ಲಿ ಇನ್ನೂ ರದ್ದಾದ 1936ರ ವೇತನ ಪಾವತಿ ಕಾಯ್ದೆಯೇ ಇದೆ.

3. ಸರಿಯಾದ ಬಾಗಿಲು ತಟ್ಟಿ

ಸಂಬಳದ ಹಾಳೆ ಹೋಗಬೇಕಾದದ್ದು ವೇತನ ಸಂಹಿತೆಯ 45ನೇ ಸೆಕ್ಷನ್ನಿನಡಿ ನೇಮಕವಾದ ಅಧಿಕಾರಿಯ ಮುಂದೆ. ವಿಚಾರಿಸಲು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಮೂರು ವರ್ಷದೊಳಗೆ ಅರ್ಜಿ ಹಾಕಬೇಕು. ತಿಂಗಳಿಗೆ 24,000 ರೂಪಾಯಿಗಿಂತ ಹೆಚ್ಚು ಸಂಬಳದವರು ಅರ್ಜಿ ಹಾಕುವಂತಿಲ್ಲ ಎಂಬ ಹಳೆಯ ಮಿತಿ ಈಗಿಲ್ಲ. ಹಲವರ ಬಾಕಿಗೆ ಒಂದೇ ಅರ್ಜಿ ಸಾಕು. ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವಿದೆ, ಅಷ್ಟೂ ಸಿಗುತ್ತದೆಂದು ಸಾಲ ಮಾಡಬೇಡಿ.

ಖರ್ಚಿನ ಹಾಳೆಯ ದಾರಿ ನಿಮ್ಮ ಹುದ್ದೆಯ ಮೇಲೆ. ಮೆಡಿಕಲ್ ರೆಪ್‌ಗಳೂ ಸೇರಿ ಕಾನೂನಿನ ಪ್ರಕಾರ ‘ಕಾರ್ಮಿಕ’ರಾದವರು, ಮಾಲೀಕರಿಂದ ಬರಬೇಕಾದ ಹಣದ ವಸೂಲಿಗಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯ 59ನೇ ಸೆಕ್ಷನ್ ಹಿಡಿಯಬಹುದು, ಅವಧಿ ಒಂದೇ ವರ್ಷ. ಮ್ಯಾನೇಜರ್‌ಗಳಿಗೆ ಸಿವಿಲ್ ದಾವೆಯೇ ಗತಿ, ಅವಧಿ ಮೂರು ವರ್ಷ.

4. ‘ಫುಲ್ ಅಂಡ್ ಫೈನಲ್’: ಕೆಲಸ ಬಿಡುವಾಗಿನ ಕೊನೆಯ ಲೆಕ್ಕ

ಕೆಲಸ ಬಿಟ್ಟವರ ಸಂಬಳ ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಆಗಬೇಕು. ‘45 ದಿನ ಕಾಯಿರಿ’ ಎಂಬುದು ಎಚ್‌ಆರ್ ರೂಢಿ, ಕಾನೂನಲ್ಲ. ‘ಇನ್ನೇನೂ ಬಾಕಿ ಇಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ಹಾಕದೆ ಹಣವೇ ಬರದು ಎನ್ನುವಂತಿದ್ದರೆ, ಸಹಿಯ ಮೇಲ್ಭಾಗದಲ್ಲಿ ‘ಪ್ರಯಾಣ ಖರ್ಚಿನ ಬಾಕಿ ಇತ್ಯರ್ಥವಾಗಿಲ್ಲ’ ಎಂದು ಮೊತ್ತದ ಸಮೇತ ಪೆನ್ನಿನಲ್ಲಿ ಬರೆದು, ಫೋಟೊ ತೆಗೆದುಕೊಂಡೇ ಕಾಗದ ಕೊಡಿ.