ಡಿಲೀಟ್ ಆದ ಫೈಲ್‌ಗಳನ್ನು ಲಿನಕ್ಸ್ ಟರ್ಮಿನಲ್‌ನಿಂದ ಮರಳಿ ಪಡೆಯುವುದು

ಫೈಲ್ ಡಿಲೀಟ್ ಆಗಿದೆ ಎಂದು ಗೊತ್ತಾದ ಕೂಡಲೇ ಆ ಡ್ರೈವ್ ಬಳಸುವುದನ್ನು ನಿಲ್ಲಿಸಿ. ಸಾಮಾನ್ಯವಾಗಿ ಆಗ ಹೋಗುವುದು ಫೈಲ್ ಎಲ್ಲಿದೆ ಎಂಬ ದಾಖಲೆಯಷ್ಟೇ. ಆ ಜಾಗಕ್ಕೆ ಬೇರೇನಾದರೂ ಬಂದು ಬೀಳುವವರೆಗೆ ಡೇಟಾ ಅಲ್ಲೇ ಇರುತ್ತದೆ. ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಆದರೆ ಅನ್‌ಮೌಂಟ್ ಮಾಡಿ, ಅಂದರೆ ಸಿಸ್ಟಂನಿಂದ ಅದರ ಸಂಪರ್ಕ ಬಿಡಿಸಿ. ಆಪರೇಟಿಂಗ್ ಸಿಸ್ಟಂ ಇರುವ ಡಿಸ್ಕೇ ಆದರೆ ಕಂಪ್ಯೂಟರ್ ಆಫ್ ಮಾಡಿ, ಲೈವ್ ಯುಎಸ್‌ಬಿಯಿಂದ (ಲಿನಕ್ಸ್ ನೇರವಾಗಿ ಓಡುವ ಪೆನ್‌ಡ್ರೈವ್‌ನಿಂದ) ಬೂಟ್ ಮಾಡಿ. ಎಸ್‌ಎಸ್‌ಡಿಯಲ್ಲಿ ಟ್ರಿಮ್ (ಡಿಲೀಟ್ ಆದ ಜಾಗವನ್ನು ಖಾಲಿ ಮಾಡುವ ಕೆಲಸ) ನಡೆದುಬಿಟ್ಟಿದ್ದರೆ ಮಾತ್ರ ಯಾವ ಟೂಲ್‌ನಿಂದಲೂ ಹೆಚ್ಚು ನಿರೀಕ್ಷಿಸಬೇಡಿ.

ಲಿನಕ್ಸ್‌ನ ಉಬುಂಟು, ಡೆಬಿಯನ್‌ನಲ್ಲಿ ಫೈಲ್ ಮರಳಿ ಪಡೆಯುವ ಟೂಲ್ ಟೆಸ್ಟ್‌ಡಿಸ್ಕ್‌ನ ಪ್ಯಾಕೇಜ್ ಹಾಕಿಕೊಂಡರೆ ಅದರ ಜೊತೆಗೇ ಫೋಟೊರೆಕ್ ಎಂಬ ಇನ್ನೊಂದು ಟೂಲ್ ಬರುತ್ತದೆ. ಎರಡನ್ನೂ ಟರ್ಮಿನಲ್‌ನಲ್ಲಿ ಸುಡೊ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಸೇರಿಸಿ ಓಡಿಸಿ. ಡ್ರೈವ್‌ನ ಫೈಲ್ ಸಿಸ್ಟಂ (ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಆಗಿದ್ದರೆ ಮೊದಲು ಟೆಸ್ಟ್‌ಡಿಸ್ಕ್: ಅಡ್ವಾನ್ಸ್‌ಡ್‌ಗೆ ಹೋಗಿ, ಪಾರ್ಟಿಷನ್ (ಡಿಸ್ಕ್‌ನ ವಿಭಾಗ) ಆರಿಸಿ, ಅನ್‌ಡಿಲೀಟ್ ಒತ್ತಿ. ಬೇಕಾದ ಫೈಲ್ ಪಟ್ಟಿಯಲ್ಲಿ ಕಂಡರೆ ಹೆಸರು ಸಮೇತ ಕಾಪಿ ಮಾಡಿಕೊಳ್ಳಬಹುದು. ಫೋಟೊರೆಕ್‌ನಲ್ಲಿ ಹೆಸರು, ಫೋಲ್ಡರ್ ಯಾವುದೂ ಉಳಿಯುವುದಿಲ್ಲ, ಹಾಗಾಗಿ ಈ ಹೆಜ್ಜೆ ಬಿಡಬೇಡಿ.

ಅಲ್ಲಿ ಸಿಗದಿದ್ದರೆ ಫೋಟೊರೆಕ್. ಇದು ಫೈಲ್ ಸಿಸ್ಟಂ ದಾಖಲೆಗಳನ್ನು ನೆಚ್ಚಿಕೊಳ್ಳದೆ, ಫೈಲ್‌ಗಳ ಆರಂಭದ ಬೈಟ್‌ಗಳನ್ನು ಹುಡುಕುತ್ತದೆ. ಜೆಪೆಗ್ ಫೋಟೊ ಆದರೆ ಆ ಬೈಟ್‌ಗಳು ಎಫ್‌ಎಫ್ ಡಿ8 ಎಫ್‌ಎಫ್. ಡಿಸ್ಕ್ ಆರಿಸುವಾಗ ಸೈಜ್ ನೋಡಿ ಖಚಿತಪಡಿಸಿಕೊಳ್ಳಿ. ಪಾರ್ಟಿಷನ್ ಆರಿಸಿದ ಮೇಲೆ, ಸರ್ಚ್ ಒತ್ತುವ ಮುಂಚೆ ಫೈಲ್ ಆಪ್ಟ್‌ಗೆ ಹೋಗಿ, ‘ಎಸ್’ ಒತ್ತಿ ಎಲ್ಲ ಟಿಕ್ ತೆಗೆದು, ಬೇಕಾದ ಬಗೆಗಳಿಗೆ ಮಾತ್ರ ಹಾಕಿ. ಇಲ್ಲದಿದ್ದರೆ ಬ್ರೌಸರ್‌ನ ಚಿಲ್ಲರೆ ಚಿತ್ರಗಳೂ ಸಾವಿರಗಟ್ಟಲೆ ಬಂದು ತುಂಬಿಕೊಳ್ಳುತ್ತವೆ. ನಂತರ ಫೈಲ್ ಸಿಸ್ಟಂ ಕೇಳುತ್ತದೆ: ಲಿನಕ್ಸ್‌ನ ಎಕ್ಸ್ಟ್4 ಆದರೆ ಮೊದಲ ಆಯ್ಕೆ, ಫ್ಯಾಟ್, ಎನ್‌ಟಿಎಫ್‌ಎಸ್‌ಗೆಲ್ಲ ‘ಅದರ್’. ಬರೀ ಡಿಲೀಟ್ ಆಗಿದ್ದರೆ ‘ಫ್ರೀ’ (ಖಾಲಿ ಜಾಗ ಮಾತ್ರ) ಸಾಕು. ಫೈಲ್ ಸಿಸ್ಟಂ ಹಾಳಾಗಿದ್ದರೆ ‘ಹೋಲ್’ (ಇಡೀ ಪಾರ್ಟಿಷನ್).

ಕೊನೆಗೆ, ಸಿಕ್ಕಿದ್ದನ್ನು ಉಳಿಸುವ ಜಾಗ. ಅದು ಬೇರೆ ಡಿಸ್ಕೇ ಆಗಿರಬೇಕು. ಅದೇ ಡಿಸ್ಕ್‌ಗೆ ಬರೆದರೆ ಇನ್ನೂ ಸಿಗದ ಫೈಲ್‌ಗಳ ಮೇಲೇ ಬರೆದಂತೆ. ಬೇರೆ ಡಿಸ್ಕ್‌ನ ಒಂದು ಫೋಲ್ಡರ್‌ಗೆ ಹೋಗಿ ‘ಸಿ’ ಒತ್ತಿದರೆ ಹುಡುಕಾಟ ಶುರು.

ಸಿಕ್ಕಿದ್ದೆಲ್ಲ ರೆಕಪ್_ಡಿರ್ ಎಂಬ ಫೋಲ್ಡರ್‌ಗಳಲ್ಲಿ, ‘ಎಫ್’ ಅಕ್ಷರದ ನಂತರ ಅಂಕಿಗಳಿರುವ ಹೆಸರಲ್ಲಿ ಕೂರುತ್ತದೆ. ಅವು ರೂಟ್ (ಸಿಸ್ಟಂನ ಅಡ್ಮಿನ್) ಒಡೆತನದಲ್ಲಿದ್ದು ತೆರೆಯದಿದ್ದರೆ ಚೌನ್ ಕಮಾಂಡ್‌ನಿಂದ ನಿಮ್ಮ ಹೆಸರಿಗೆ ಮಾಡಿಕೊಳ್ಳಿ. ಅರ್ಧ ಮಾತ್ರ ಕಾಣುವ ಫೋಟೊ, ಓಡದ ವಿಡಿಯೊ ಸಿಕ್ಕರೆ, ಆ ಫೈಲ್ ಡಿಸ್ಕ್‌ನಲ್ಲಿ ತುಂಡುತುಂಡಾಗಿ ಹರಡಿತ್ತು, ಇಲ್ಲವೇ ಒಂದಷ್ಟು ಭಾಗದ ಮೇಲೆ ಬೇರೆ ಡೇಟಾ ಬಿದ್ದಿದೆ. ಡಿಸ್ಕ್ ಟಕಟಕ ಸದ್ದು ಮಾಡುತ್ತಿದ್ದರೆ ಇದ್ಯಾವುದಕ್ಕೂ ಕೈಹಾಕದೆ ಪವರ್ ತೆಗೆದು ಡೇಟಾ ರಿಕವರಿ ಲ್ಯಾಬ್‌ಗೆ ಕೊಡಿ.